ಹಳೇ ಇಂಗ್ಲಿಷ್ ರೇಸಿಂಗ್ ಫ್ರೇಮ್, ಬೇರೆ ಬೇರೆ ಕಡೆ ಸಿಕ್ಕ ಪಾರ್ಟ್ಸ್: ಎಲ್ಲಿಂದ ಶುರು ಮಾಡಲಿ?

ಡರ್ಬಿಯ ಧಾರವಾಡಿಗ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ಕೆಲಸದ ಮೇಲೆ ಬಂದು ಈಗ ಇಂಗ್ಲೆಂಡಿನ ಡರ್ಬಿಯಲ್ಲಿದ್ದೇನೆ. ಈ ಕಡೆ ಹಳೇ ಸೈಕಲ್ ಸಾಮಾನಿನ ಸಂತೆಗಳು ನಡೆಯುತ್ತಿರುತ್ತವೆ. ಅಂಥದ್ದೊಂದು ಕಡೆ ಈ ಫ್ರೇಮ್ ಸಿಕ್ಕಿತು. ಕಡು ಹಸಿರು ಬಣ್ಣ, ಲಗ್‌ಗಳ (ಟ್ಯೂಬುಗಳು ಸೇರುವ ಕಡೆಯ ಲೋಹದ ಕವಚ) ಅಂಚಿಗೆ ತೆಳುವಾದ ಚಿನ್ನದ ಗೆರೆ. ಮಾಡಿದವರ ಹೆಸರಿನ ಸ್ಟಿಕ್ಕರ್ ಪೂರ್ತಿ ಅಳಿಸಿ ಹೋಗಿದೆ. ಸೀಟ್ ಟ್ಯೂಬಿನ ಮೇಲೆ ರೆನಾಲ್ಡ್ಸ್ 531 (ಸ್ಟೀಲ್ ಟ್ಯೂಬಿನ ಹೆಸರು) ಅನ್ನೋ ಸ್ಟಿಕ್ಕರ್ ಅರ್ಧ ಉಳಿದಿದೆ. ಲಗ್‌ಗಳ ಬಳುಕು ನೋಡಿದರೆ ಫ್ರಾನ್ಸಿನ ನರ್ವೆಕ್ಸ್ ಥರ ಕಾಣುತ್ತದೆ. ಮಾರಿದವರು 1950ರ ದಶಕದ್ದು ಅಂದರು. ಕೈಯಲ್ಲಿ ಎತ್ತಿದಾಗಲೇ ಮನಸ್ಸು ಸೋತಿತು, ಅಷ್ಟು ಹಗುರ.

ಫ್ರೇಮಿಗೂ ಮುಂಚೆಯಿಂದ ಒಂದೊಂದೇ ಸಾಮಾನು ಕೂಡಿಸಿಟ್ಟಿದ್ದೇನೆ. ವಿಲಿಯಮ್ಸ್ ಸ್ಟೀಲ್ ಕ್ರ್ಯಾಂಕು (ಪೆಡಲ್ ತೋಳು), ಕಾಟರ್ ಪಿನ್ ಅಂದರೆ ಓರೆ ಪಿನ್ ಹೊಡೆದು ಕೂರಿಸುವಂಥದ್ದು, 46 ಹಲ್ಲಿನ ಚೈನ್‌ವೀಲ್. ಸ್ಟರ್ಮಿ-ಆರ್ಚರ್ ಎಡಬ್ಲ್ಯೂ ಹಬ್, ಮೂರು ಗೇರೂ ಅದರೊಳಗೇ ಇರುತ್ತೆ, ಮೈಮೇಲೆ 56 ಅಂತ ಅಚ್ಚಿದೆ, 40 ತೂತಿನದು. ಕಂಪನ್ಯೋಲೊ ನ್ಯೂವೊ ರೆಕಾರ್ಡ್ ಹಿಂದಿನ ಡೀರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರ್). ವೈನ್‌ಮನ್ ಸೆಂಟರ್-ಪುಲ್ ಬ್ರೇಕ್ ಜೋಡಿ. ಜಿಬಿ ಅಲಾಯ್ ಸ್ಟೆಮ್ (ಹ್ಯಾಂಡಲ್ ಹಿಡಿಯುವ ಕುತ್ತಿಗೆ), ಅದಕ್ಕೆ ಕೂರುವ ಬಾಗಿದ ಹ್ಯಾಂಡಲ್. ಒಣಗಿದ ಒಂದು ಬ್ರೂಕ್ಸ್ ಬಿ17 ಸೀಟು. 27 × 1¼ ಇಂಚಿನ ಮುಂದಿನ ಚಕ್ರ. ಸೀಟ್ ಪಿಲ್ಲರ್ ಇಲ್ಲ, ಬಿ.ಬಿ. (ಬಾಟಮ್ ಬ್ರಾಕೆಟ್, ಪೆಡಲ್ ಆಕ್ಸಲ್ ತಿರುಗುವ ಜಾಗ) ಕಪ್ ಒಂದು ಜೊತೆ ಇದೆ, ಈ ಫ್ರೇಮಿಗೆ ಆಗುತ್ತೋ ಇಲ್ವೋ ನೋಡಬೇಕು.

ಕೇಳಬೇಕಾಗಿರೋದು ಮೂರು. ಜೋಡಣೆ ಎಲ್ಲಿಂದ ಶುರು ಮಾಡಲಿ? ಫ್ರೇಮಿನ ಹಿಂದಿನ ಡ್ರಾಪ್‌ಔಟ್‌ನಲ್ಲಿ (ಚಕ್ರದ ಆಕ್ಸಲ್ ಕೂರುವ ತುದಿ) ಡೀರೇಲರ್ ಕೂರಿಸುವ ಕಿವಿ ಇಲ್ಲ, ಪರಿಚಯದವರೊಬ್ಬರು ಹೊಸದಾಗಿ ಬೆಸೆದು ಕೊಡುತ್ತೇನೆ ಅಂತಿದ್ದಾರೆ, ಮಾಡಿಸಬಹುದಾ? ಬಣ್ಣ ಅಲ್ಲಲ್ಲಿ ಎದ್ದಿದೆ, ಹೊಸದಾಗಿ ಹೊಡೆಸಲಾ, ಹಾಗೇ ಬಿಡಲಾ? ಗೋಡೆಗೆ ನೇತುಹಾಕೋಕೆ ಅಲ್ಲ, ಇಲ್ಲಿನ ಗುಡ್ಡಗಾಡು ಪೀಕ್ ಡಿಸ್ಟ್ರಿಕ್ಟ್ ಕಡೆ ಓಡಿಸಬೇಕು ಅಂತಲೇ ಕಟ್ಟುತ್ತಿರೋದು.

ಹಳೇಸ್ಟೀಲು (ಬೆಂಗಳೂರು)

ಒಳ್ಳೇ ಫ್ರೇಮ್ ಸಿಕ್ಕಿದೆ ನಿಮಗೆ. ಇನ್ನು ಸ್ವಲ್ಪ ದಿನ ಒಂದೇ ಒಂದು ಪಾರ್ಟೂ ಕೊಳ್ಳಬೇಡಿ. ಮೊದಲು ಫ್ರೇಮನ್ನು ಅಳೆಯಿರಿ. ಯಾವುದು ಕೂರುತ್ತೆ, ಯಾವುದು ಕೂರಲ್ಲ ಅಂತ ಫ್ರೇಮೇ ಹೇಳುತ್ತೆ, ನಮ್ಮ ಆಸೆ ಆಮೇಲೆ. ಒಂದು ವರ್ನಿಯರ್ ಕ್ಯಾಲಿಪರ್, ಒಂದು ಸ್ಟೀಲ್ ಸ್ಕೇಲು, ಒಂದಷ್ಟು ದಾರ ಇದ್ದರೆ ಸಾಕು.

ಅಳತೆಗೂ ಮುಂಚೆ ಏಟು ಬಿದ್ದಿದೆಯಾ ನೋಡಿ. ಹೆಡ್ ಟ್ಯೂಬ್ ಹಿಂದೆ, ಲಗ್ ಮುಗಿದು ಎರಡು ಮೂರು ಬೆರಳಿನಷ್ಟು ದೂರದಲ್ಲಿ, ಡೌನ್ ಟ್ಯೂಬಿನ ತಳಭಾಗಕ್ಕೆ ಕಣ್ಣು ಮುಚ್ಚಿ ಬೆರಳು ಸವರಿ. ಟಾಪ್ ಟ್ಯೂಬಿಗೂ ಹಾಗೇ ಮಾಡಿ. ಎದುರಿಂದ ಗುದ್ದಿದ ಸೈಕಲ್ ಆದರೆ ಅಲ್ಲಿ ಸಣ್ಣ ಉಬ್ಬು ಇರುತ್ತೆ, ಇಲ್ಲಾಂದ್ರೆ ಬಣ್ಣದಲ್ಲಿ ಅಡ್ಡ ಸುಕ್ಕು. ಕಣ್ಣಿಗಿಂತ ಬೆರಳಿಗೇ ಬೇಗ ಗೊತ್ತಾಗುತ್ತೆ. ಆ ಉಬ್ಬು ಸಿಕ್ಕರೆ ಮುಂದಿನ ಖರ್ಚು ಎಲ್ಲಾ ನಿಲ್ಲಿಸಿ, ಮೊದಲು ಫ್ರೇಮ್ ಕಟ್ಟುವವರ ಹತ್ತಿರ ಹೋಗಿ. ಉಬ್ಬು ಇಲ್ಲ ಅಂದರೆ ದಾರದ ಪರೀಕ್ಷೆ ಮಾಡಿ. ಒಂದು ಹಿಂದಿನ ಡ್ರಾಪ್‌ಔಟ್‌ನಿಂದ ದಾರ ಎಳೆದು, ಹೆಡ್ ಟ್ಯೂಬ್ ಸುತ್ತಿಸಿ, ಇನ್ನೊಂದು ಡ್ರಾಪ್‌ಔಟ್‌ಗೆ ಬಿಗಿಯಾಗಿ ಕಟ್ಟಿ. ಸೀಟ್ ಟ್ಯೂಬಿನಿಂದ ಎರಡೂ ಕಡೆ ದಾರ ಎಷ್ಟು ದೂರ ಅಂತ ಸ್ಕೇಲಿಟ್ಟು ನೋಡಿ. ಎರಡೂ ಸಮ ಇದ್ದರೆ ಹಿಂಭಾಗ ನೆಟ್ಟಗಿದೆ.

ಈಗ ಥ್ರೆಡ್. ಜಾಸ್ತಿ ಜನ ಫ್ರೇಮ್ ಹಾಳು ಮಾಡೋದು ಇಲ್ಲೇ. ಇಂಗ್ಲಿಷ್ ಬಿ.ಬಿ. ಶೆಲ್ 68 ಮಿ.ಮೀ. ಅಗಲ, ಥ್ರೆಡ್ಡಿನ ವ್ಯಾಸ 1.37 ಇಂಚು, ಇಂಚಿಗೆ 24 ಸುತ್ತು. ಚೈನ್ ಕಡೆಯ ಕಪ್ ಉಲ್ಟಾ ಥ್ರೆಡ್ಡು, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತೆ. ಇಟಲಿಯದು ಬೇರೆ, 70 ಮಿ.ಮೀ. ಅಗಲ, ಎರಡೂ ಕಡೆ ಸೀದಾ ಥ್ರೆಡ್ಡು. ಫ್ರಾನ್ಸಿನದು 35 ಮಿ.ಮೀ., ಅದೂ ಎರಡೂ ಕಡೆ ಸೀದಾ. ಇಂಗ್ಲೆಂಡಿನಲ್ಲೇ ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಾರ್ಖಾನೆಯವರು ಬಹಳ ಕಾಲ ಇಂಚಿಗೆ 26ರ ತಮ್ಮದೇ ಥ್ರೆಡ್ ಇಟ್ಟುಕೊಂಡಿದ್ದರು. ಶೆಲ್ 71 ಅಥವಾ 76 ಮಿ.ಮೀ. ಬಂದರೆ ಆ ಅನುಮಾನ ಇರಲಿ. 24ರ ಕಪ್ಪನ್ನು 26ರ ಶೆಲ್ಲಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಹೋಗುತ್ತೆ, ಹೋಗ್ತಾ ಹೋಗ್ತಾ ಫ್ರೇಮಿನ ಥ್ರೆಡ್ ಕೊಚ್ಚಿಕೊಂಡೇ ಹೋಗುತ್ತೆ. ಹಾಗಾಗಿ ಮೊದಲು ಸೀಮೆಎಣ್ಣೆ ಮತ್ತು ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಶೆಲ್ ಒಳಗಿನ ಥ್ರೆಡ್ ಉಜ್ಜಿ. ಅದರೊಳಗಿನ ಕಪ್ಪು ಹೂಳು ಪೂರ್ತಿ ಹೋಗಲಿ. ಆಮೇಲೆ ಕಪ್ಪನ್ನು ಬರೀ ಬೆರಳಲ್ಲಿ ತಿರುಗಿಸಿ. ಮೂರು ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು. ಹೋಗಲಿಲ್ಲ ಅಂದರೆ ನಿಲ್ಲಿಸಿ.

ಸೀಟ್ ಟ್ಯೂಬಿನ ಒಳ ವ್ಯಾಸ ನೋಡಿ. 27.2 ಮಿ.ಮೀ. ಬಂದರೆ ಖುಷಿಪಡಿ, ಅದು ಬಟೆಡ್ 531 ಅನ್ನೋದಕ್ಕೆ ಒಳ್ಳೇ ಗುರುತು. ತುದಿಯಲ್ಲಿ ದಪ್ಪ, ನಡುವೆ ತೆಳ್ಳಗೆ ಎಳೆದ ಟ್ಯೂಬುಗಳು ಅವು. 26.4, 26.6 ಥರ ಬಂದರೆ ಇಡೀ ಉದ್ದಕ್ಕೂ ಒಂದೇ ದಪ್ಪದ ಟ್ಯೂಬ್ ಇರಬಹುದು. ಕೊನೆಗೆ ಹಿಂದಿನ ಡ್ರಾಪ್‌ಔಟ್‌ಗಳ ನಡುವಿನ ಅಂತರ. 110ರಿಂದ 114 ಮಿ.ಮೀ. ಆದರೆ ಹಬ್ ಗೇರಿಗೋ ಮೂರು ನಾಲ್ಕು ಹಲ್ಲುಚಕ್ರದ ಫ್ರೀವೀಲಿಗೋ ಕಟ್ಟಿದ್ದು. 120 ಆದರೆ ಐದರದ್ದು.

ಡೀರೇಲರ್ ಕಿವಿ ಬೆಸೆಯೋದು ಬೇಡ. ದಯವಿಟ್ಟು ಬೇಡ. ಒಂದು ಪಾರ್ಟ್ ಕೈಯಲ್ಲಿದೆ ಅಂತ ಅಷ್ಟು ವರ್ಷದ ಫ್ರೇಮಿಗೆ ಗ್ಯಾಸ್ ಬೆಂಕಿ ಹಿಡಿಯಬಾರದು. ಅಳತೆ ಇಲ್ಲಿ ಹಾಕಿ, ಮುಂದೆ ಮಾತಾಡೋಣ.

ಬೆಳಗಿನ ಸವಾರಿ (ಕವೆಂಟ್ರಿ)

ಮೇಲಿನವರು ಹೇಳಿದ್ದು ಸರಿ, ಆದರೆ ಆ ಕಿವಿ ಯಾಕಿಲ್ಲ ಅನ್ನೋದೂ ಗೊತ್ತಿರಲಿ, ಆಗ ಬೆಸೆಯುವ ಯೋಚನೆಯೇ ಬರಲ್ಲ. ಆಗ ಇಲ್ಲಿನ ಕ್ಲಬ್ ಸವಾರರ ಮುಖ್ಯ ಸ್ಪರ್ಧೆ ಟೈಮ್ ಟ್ರಯಲ್ ಆಗಿತ್ತು. ಬೆಳಗ್ಗೆ ಬೇಗ, ಒಬ್ಬೊಬ್ಬರೇ, ಗಡಿಯಾರದ ವಿರುದ್ಧ. ಅದಕ್ಕೆ ಎಷ್ಟೋ ಜನ ಒಂದೇ ಫಿಕ್ಸ್ಡ್ ಗೇರ್ (ಚಕ್ರದ ಜೊತೆ ಪೆಡಲೂ ತಿರುಗುತ್ತಲೇ ಇರುವಂಥದ್ದು) ಹಾಕಿಕೊಂಡು ಓಡಿಸುತ್ತಿದ್ದರು, ಡೀರೇಲರೇ ಇಲ್ಲದ ಮೇಲೆ ಅದರ ಕಿವಿ ಯಾಕೆ? 1956ರ ಆಗಸ್ಟ್‌ನಲ್ಲಿ ರೇ ಬೂಟಿ ಟೈಮ್ ಟ್ರಯಲ್‌ನಲ್ಲಿ 100 ಮೈಲಿಯನ್ನು 3 ಗಂಟೆ 58 ನಿಮಿಷ 28 ಸೆಕೆಂಡಿನಲ್ಲಿ ಮುಗಿಸಿದರು. ಹೋಗಿ ಬರುವ ರಸ್ತೆಯಲ್ಲಿ ನಾಲ್ಕು ಗಂಟೆಯ ಒಳಗೆ ಬಂದ ಮೊದಲ ಸವಾರ ಅವರೇ, ಅದೂ ಫಿಕ್ಸ್ಡ್ ಗೇರಿನಲ್ಲಿ. ನಿಮ್ಮ ಹಬ್ ಮೇಲೆ ಅಚ್ಚಾದ ವರ್ಷವೂ ಅದೇ ನೋಡಿ.

ಸೈಕಲ್ ಒಂದೇ, ಚಕ್ರ ಎರಡು ಜೊತೆ ಇರುತ್ತಿತ್ತು. ಮನೆಯಿಂದ ಸ್ಪರ್ಧೆಯ ಜಾಗಕ್ಕೆ ದಪ್ಪ ಟೈರಿನ ಚಕ್ರದಲ್ಲೇ ಹೋಗೋದು. ರೇಸಿನ ಹಗುರ ಚಕ್ರಗಳನ್ನು ಮುಂದಿನ ಆಕ್ಸಲ್‌ಗೆ ಸಿಕ್ಕಿಸಿದ ಸಣ್ಣ ಕೊಂಡಿಯಲ್ಲಿ ಕಟ್ಟಿಕೊಂಡು ಒಯ್ಯೋದು. ಅಲ್ಲಿ ಹೋಗಿ ಬದಲಾಯಿಸೋದು. ಮುಗಿದ ಮೇಲೆ ಮತ್ತೆ ಬದಲಾಯಿಸಿ ಅದೇ ಸೈಕಲ್‌ನಲ್ಲಿ ಮನೆಗೆ. ಅದಕ್ಕೇ ಆ ಕಾಲದ ಇಂಗ್ಲಿಷ್ ಫ್ರೇಮ್‌ಗಳಲ್ಲಿ ಮಡ್‌ಗಾರ್ಡ್‌ಗೆ ಜಾಗ, ಪಂಪ್ ಹಿಡಿಯುವ ಮೊಳೆ, ದೀಪದ ಕೊಂಡಿ ಎಲ್ಲಾ ಇರುತ್ತೆ. ನಿಮ್ಮದರಲ್ಲೂ ಹುಡುಕಿ.

ನನ್ನ ಅಭಿಪ್ರಾಯ ಸ್ಪಷ್ಟ. ನ್ಯೂವೊ ರೆಕಾರ್ಡ್ ಬಂದಿದ್ದೇ 1967ರಲ್ಲಿ. ಅದು ತುಂಬಾ ಒಳ್ಳೇ ಸಾಮಾನು, 70ರ ದಶಕದ ಇಟಲಿ ಫ್ರೇಮಿಗೆ ಕಾಯ್ದಿಡಿ. ಇದಕ್ಕೆ ಸ್ಟರ್ಮಿ-ಆರ್ಚರ್ ಹಾಕಿ. ಅದೇ ನಾಡಿನದು, ಅದೇ ಕಾಲದ್ದು, ನಿಮ್ಮ ಮನೆಯಿಂದ ಸ್ವಲ್ಪ ದೂರದ ನಾಟಿಂಗ್‌ಹ್ಯಾಮಿನಲ್ಲೇ ತಯಾರಾಗಿದ್ದು. ಹಲ್ಲುಚಕ್ರ ಬದಲಾಯಿಸಬೇಕಾದರೆ ಒಂದು ಸರ್ಕ್ಲಿಪ್ ತೆಗೆದರೆ ಆಯಿತು.

ಫ್ರೇಮ್ ನಂಬರ್ ಎಲ್ಲಿದೆ, ಬಿ.ಬಿ. ಕೆಳಗಾ, ಡ್ರಾಪ್‌ಔಟ್ ಮೇಲಾ, ಸೀಟ್ ಲಗ್ ಪಕ್ಕದಲ್ಲಾ? ಅದರ ಫೋಟೋ ತೆಗೆದು ವೆಟರನ್-ಸೈಕಲ್ ಕ್ಲಬ್‌ನವರನ್ನು ಕೇಳಿ. 1955ರಿಂದ ಇರುವ ಕ್ಲಬ್ ಅದು. ಒಂದೊಂದು ಹಳೇ ಕಂಪನಿಯ ಬಗ್ಗೆ ತಿಳಿದವರು ಅಲ್ಲಿ ಇದ್ದಾರೆ. ಹೆಸರು ಗೊತ್ತಾಗುವವರೆಗೂ ಯಾವ ಸ್ಟಿಕ್ಕರೂ ಅಂಟಿಸಬೇಡಿ.

ಮೈಸೂರು ಪೆಡಲ್

ನಡುವೆ ಒಂದು ಮಾತು, ಉತ್ತರ ಅಲ್ಲ. ಇಲ್ಲಿ ರೆನಾಲ್ಡ್ಸ್ ಹೆಸರು ನೋಡಿ ಬರೆಯಬೇಕು ಅನ್ನಿಸಿತು. 531 ಬಂದಿದ್ದು 1935ರಲ್ಲಿ, ಮ್ಯಾಂಗನೀಸ್-ಮಾಲಿಬ್ಡಿನಂ ಸ್ಟೀಲು. ಆಗಲೇ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಗುಂಪಿನ ಕೈಯಲ್ಲಿತ್ತು. ಅದೇ ಗುಂಪು 1949ರಲ್ಲಿ ಮುರುಗಪ್ಪ ಮನೆತನದ ಜೊತೆ ಸೇರಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರು ಮಾಡಿತು. ನಮ್ಮ ತಾತ ಓಡಿಸುತ್ತಿದ್ದ ಹರ್ಕ್ಯುಲಿಸ್ ಬಂದಿದ್ದು ಅಲ್ಲಿಂದಲೇ. ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಾಡಿದ ಆ ಗಟ್ಟಿ ಸೈಕಲ್‌ಗೂ ನಿಮ್ಮ ಕೈಯಲ್ಲಿರುವ ಹಗುರ ಫ್ರೇಮಿಗೂ ಹೀಗೊಂದು ನೆಂಟಸ್ತನ ಇದೆ ಅಂತ ಹೇಳೋಕೆ ಖುಷಿ.

ಹಿಂದಿನ ಚಕ್ರಕ್ಕೆ 40 ತೂತಿನ ರಿಮ್ ಊರಿಂದ ತರಿಸಬಹುದಲ್ವಾ? ನಮ್ಮ ದೊಡ್ಡ ಸೈಕಲ್‌ಗಳಿಗೂ ಮುಂದೆ 32, ಹಿಂದೆ 40 ಕಡ್ಡಿನೇ ಇರೋದು.

ಹಳೇಸ್ಟೀಲು (ಬೆಂಗಳೂರು)

@ಮೈಸೂರು ಪೆಡಲ್, ಕಡ್ಡಿ ಲೆಕ್ಕ ಸರಿ, ಅದು ಇಂಗ್ಲೆಂಡಿನಿಂದಲೇ ನಮಗೆ ಬಂದ ಪದ್ಧತಿ. ಆದರೆ ರಿಮ್ ಆಗಲ್ಲ. ನಮ್ಮದು 28 × 1½, ಟೈರ್ ಕೂರುವ ವ್ಯಾಸ 635 ಮಿ.ಮೀ. ಅವರದ್ದು 27 × 1¼, ಅಂದರೆ 630. ಟೈರ್ ಬದಲಾಯಿಸಿಕೊಂಡರೂ ಬ್ರೇಕ್ ಹಿಡಿಯಲ್ಲ. ನಮ್ಮ ರಿಮ್ಮು ವೆಸ್ಟ್‌ವುಡ್ ಥರದ್ದು, ಕೇಬಲ್ ಬದಲು ಸರಳಿನಿಂದ ಎಳೆಯುವ ರಾಡ್ ಬ್ರೇಕಿಗೆ ಮಾಡಿದ್ದು. ರಬ್ಬರ್ ಒಳಗಿನಿಂದ ಮೇಲಕ್ಕೆ ಒತ್ತುತ್ತೆ, ರಿಮ್ಮಿನ ಪಕ್ಕ ದುಂಡಗಿರುತ್ತೆ. ವೈನ್‌ಮನ್ ಬ್ರೇಕಿಗೆ ಪಕ್ಕ ಚಪ್ಪಟೆ ಇರಬೇಕು.

@ಡರ್ಬಿಯ ಧಾರವಾಡಿಗ, 40 ತೂತಿನ ಅಲಾಯ್ ರಿಮ್ ಸಿಕ್ಕರೆ ಬಿಡಬೇಡಿ. ಡರ್ಬಿ ಮಳೆಯಲ್ಲಿ ಕ್ರೋಮ್ ಸ್ಟೀಲ್ ರಿಮ್ಮಿನ ಮೇಲೆ ಬ್ರೇಕ್ ರಬ್ಬರ್ ಜಾರುತ್ತೆ, ಇಳಿಜಾರಿನಲ್ಲಿ ಅದು ಆಟ ಅಲ್ಲ. ನಾನಾದರೆ ಎರಡೂ ಚಕ್ರಕ್ಕೆ ಹೊಸ 700ಸಿ ಅಲಾಯ್ ರಿಮ್ ಹಾಕುತ್ತೇನೆ, 36 ತೂತಿನ ಇನ್ನೊಂದು ಎಡಬ್ಲ್ಯೂ ಹುಡುಕಿಕೊಂಡು. 700ಸಿ ವ್ಯಾಸ 622, ಹಾಗಾಗಿ ಬ್ರೇಕ್ ರಬ್ಬರ್ ನಾಲ್ಕೇ ಮಿ.ಮೀ. ಕೆಳಗೆ ಇಳಿಸಬೇಕು, ಟೈರ್ ಆಯ್ಕೆಯೂ ಜಾಸ್ತಿ. ಕವೆಂಟ್ರಿಯವರು ಒಪ್ಪಲಿಕ್ಕಿಲ್ಲ.

ಬೆಳಗಿನ ಸವಾರಿ (ಕವೆಂಟ್ರಿ)

ಒಪ್ಪಲ್ಲ 🙂 27 × 1¼ ಟೈರ್ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತೆ. ಮುಂದಿನ ಚಕ್ರ ಅವರ ಹತ್ತಿರ ಆಗಲೇ ಇದೆ. ಅಲಾಯ್ ರಿಮ್ ಬೇಕು ಅನ್ನೋ ಮಾತು ಮಾತ್ರ ನೂರಕ್ಕೆ ನೂರು ಸರಿ.

ಡರ್ಬಿಯ ಧಾರವಾಡಿಗ

ಎಲ್ಲರಿಗೂ ಥ್ಯಾಂಕ್ಸ್. ಅಳೆದೆ. ಉಬ್ಬು, ಸುಕ್ಕು ಯಾವುದೂ ಇಲ್ಲ. ದಾರ ಎರಡೂ ಕಡೆ ಸಮ ಬಂತು. ಶೆಲ್ 68 ಮಿ.ಮೀ., ಉಜ್ಜಿದ ಮೇಲೆ ಕಪ್ ಬೆರಳಲ್ಲೇ ಸಲೀಸಾಗಿ ಹೋಯಿತು. ಸೀಟ್ ಟ್ಯೂಬ್ 27.2! ಹಿಂದಿನ ಅಂತರ 114. ಡ್ರಾಪ್‌ಔಟ್ ಸೀಳು ಮುಂದಕ್ಕೆ ಬಾಯಿ ತೆರೆದಿದೆ, ಚಕ್ರ ಹಿಂದೆ ಮುಂದೆ ಸರಿಸಬಹುದು. 27ರ ಚಕ್ರ ಹಾಕಿ ನೋಡಿದರೆ ಬ್ರೇಕ್ ಬೋಲ್ಟ್‌ನಿಂದ ರಿಮ್ಮಿಗೆ 55 ಮಿ.ಮೀ., ವೈನ್‌ಮನ್ ತೋಳು ಮುಟ್ಟುತ್ತೆ. ಟಾಪ್ ಟ್ಯೂಬ್ ಕೆಳಗೆ ಅಲ್ಲ, ಸೀಟ್ ಟ್ಯೂಬ್ ಹಿಂದೆ ಪಂಪ್ ಮೊಳೆ ಎರಡು ಇವೆ.

ಹಾಗಾದರೆ ಸ್ಟರ್ಮಿ-ಆರ್ಚರೇ ಹಾಕುತ್ತೇನೆ. ಎಷ್ಟು ಹಲ್ಲಿನ ಚಕ್ರ ಹಾಕಲಿ? ಹಬ್ ಜೊತೆ ಬಂದಿರೋದು 18ರದ್ದು. ಕಾಟರ್ ಪಿನ್ ಕೂರಿಸೋದು ಹೇಗೆ ಅಂತಲೂ ಯಾರಾದರೂ ಹೇಳಿ, ಹಳೇ ಪಿನ್ ಎರಡೂ ಬಾಗಿವೆ.

ಬಾಗಲಕೋಟೆ ಕಾಟರ್

ನಮಸ್ಕಾರ್ರೀ ಅಣ್ಣಾರ, ನಮ್ಮ ಕಡೆಯವರೇ ಆದ್ರಿ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸಿನ ಹುಚ್ಚು ಹಳೇದು. ನಾನು ಬೆಳೆದಿದ್ದೇ ಸೈಕಲ್ ಅಂಗಡಿಯಲ್ಲಿ, ಅದಕ್ಕೆ ಕಾಟರ್ ಪಿನ್ ಬಗ್ಗೆ ನಾನೇ ಬರೆಯುತ್ತೇನೆ.

ಇಂಗ್ಲಿಷ್ ಕ್ರ್ಯಾಂಕಿಗೆ ಸಾಮಾನ್ಯವಾಗಿ 9.5 ಮಿ.ಮೀ. ಪಿನ್. 9ರದ್ದು ಹಾಕಿದರೆ ಆಡುತ್ತೆ, ಹಾಗಾಗಿ ತೂತು ಅಳೆದೇ ತನ್ನಿ. ಹೊಸ ಪಿನ್ನಿನ ಇಳಿಜಾರು ಮುಖ ಅಷ್ಟೊಂದು ಸಪಾಟಾಗಿ ಇರಲ್ಲ. ಅರವನ್ನು ಮೇಜಿನ ಮೇಲಿಟ್ಟು ಪಿನ್ನನ್ನು ಅದರ ಮೇಲೆ ಎಳೆದು ಒಂದೇ ಸಮ ಮಾಡಿ. ಎರಡೂ ಪಿನ್ ಒಂದೇ ಆಳಕ್ಕೆ ಕೂರಬೇಕು, ಇಲ್ಲಾಂದ್ರೆ ಪೆಡಲ್ ಎರಡೂ ಒಂದು ಗೆರೆಯಲ್ಲಿ ಬರಲ್ಲ. ದಿಕ್ಕು ಹೀಗೆ ನೋಡಿ. ಬಲ ಕ್ರ್ಯಾಂಕನ್ನು ಮುಂದಕ್ಕೆ ಮಾಡಿದಾಗ ನಟ್ ಕೆಳಗಿದ್ದರೆ, ತಿರುಗಿಸಿ ಎಡ ಕ್ರ್ಯಾಂಕನ್ನು ಮುಂದಕ್ಕೆ ತಂದಾಗಲೂ ನಟ್ ಕೆಳಗೇ ಇರಬೇಕು.

ಕೂರಿಸೋಕೆ ಕಾಟರ್ ಪ್ರೆಸ್ ಸಿಕ್ಕರೆ ಬಹಳ ಒಳ್ಳೇದು, ಅಲ್ಲಿ ಸಿಗುತ್ತೆ. ಇಲ್ಲದಿದ್ದರೆ ಕ್ರ್ಯಾಂಕ್ ಕೆಳಗೆ ದಪ್ಪ ಪೈಪನ್ನು ನೆಲದಿಂದ ಊರಿ, ಪಿನ್ನಿನ ತುದಿ ಪೈಪಿನ ಬಾಯೊಳಗೆ ಇಳಿಯುವ ಹಾಗೆ ನಿಲ್ಲಿಸಿ, ಆಮೇಲೆ ಸುತ್ತಿಗೆ ಏಟು ಹಾಕಿ. ಆಸರೆ ಇಲ್ಲದೆ ಹೊಡೆದರೆ ಆ ಏಟೆಲ್ಲಾ ಬಿ.ಬಿ. ಬಾಲ್ಸ್ ಮೇಲೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತೆ. ನಟ್ ತಿರುಗಿಸಿ ಪಿನ್ ಎಳೆಯೋಕೆ ಹೋಗಬೇಡಿ. ನಟ್ ಇರೋದು ಹಿಡಿದಿಡೋಕೆ ಮಾತ್ರ, ಆ ಥ್ರೆಡ್ ಮೆತ್ತಗೆ. ಒಂದಿಷ್ಟು ದೂರ ಓಡಿಸಿ ಬಂದ ಮೇಲೆ ಮತ್ತೆ ಪ್ರೆಸ್ ಹಾಕಿ, ನಟ್ ಬಿಗಿ ಮಾಡಿ.

ಬಿ.ಬಿ.ಗೆ ಕಾಲು ಇಂಚಿನ ಬಾಲ್ಸ್, ಒಂದೊಂದು ಕಡೆ 11. ಹಳೇದು ಎಷ್ಟೇ ಚೆನ್ನಾಗಿ ಕಂಡರೂ ಹೊಸದೇ ಹಾಕಿ, ಅದಕ್ಕೇನು ದುಡ್ಡಾಗಲ್ಲ. ಬ್ರೇಕ್ ರಬ್ಬರ್, ಕೇಬಲ್ ಎಲ್ಲಾ ಹೊಸದು. ಸೆಂಟರ್-ಪುಲ್ ಬ್ರೇಕಿಗೆ ಮುಂದೆ ಹೆಡ್‌ಸೆಟ್ ಹತ್ತಿರ, ಹಿಂದೆ ಸೀಟ್ ಬೋಲ್ಟ್ ಹತ್ತಿರ ಕೇಬಲ್ ಹಿಡಿಯುವ ಕೊಂಡಿ ಬೇಕು, ಅದನ್ನು ಈಗಲೇ ಹುಡುಕಿಡಿ.

ನನಗೆ ಭಯ ಇರೋದು ಆ ಅಲಾಯ್ ಸ್ಟೆಮ್ ಬಗ್ಗೆ. ಸ್ಟೀಲ್ ಬಾಗಿ ಸೂಚನೆ ಕೊಡುತ್ತೆ, ಹಳೇ ಅಲ್ಯೂಮಿನಿಯಂ ಒಮ್ಮೆಲೇ ಮುರಿಯುತ್ತೆ. ಕೆಳಗಿನ ಸೀಳಿನ ತುದಿ, ಹ್ಯಾಂಡಲ್ ಹಿಡಿಯುವ ಜಾಗ, ಎರಡನ್ನೂ ತೊಳೆದು ಬಿಸಿಲಲ್ಲಿ ಭೂತಗನ್ನಡಿ ಹಿಡಿದು ನೋಡಿ. ಹ್ಯಾಂಡಲನ್ನೂ ಸ್ಟೆಮ್ಮಿನಿಂದ ಹೊರಗೆ ತೆಗೆದು ನೋಡಿ, ಬಿರುಕು ಬರೋದು ಸ್ಟೆಮ್ಮಿನ ಅಂಚಿನಲ್ಲೇ. ಕೂದಲೆಳೆಯಷ್ಟು ಗೆರೆ ಕಂಡರೂ ಅದು ಶೋಕೇಸಿಗೆ, ಸೈಕಲ್‌ಗೆ ಅಲ್ಲ.

ಹಳೇಸ್ಟೀಲು (ಬೆಂಗಳೂರು)

ಸ್ಟೆಮ್ ವಿಷಯದಲ್ಲಿ ಬಾಗಲಕೋಟೆಯವರ ಮಾತು ಕೇಳಿ.

ಬಣ್ಣದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹಾಗೇ ಬಿಡಿ. ಆ ಚಿನ್ನದ ಗೆರೆ ಯಾರೋ ಒಬ್ಬರು ಕೈಯಲ್ಲಿ ಕುಂಚ ಹಿಡಿದು ಎಳೆದಿದ್ದು, ಒಮ್ಮೆ ಹೋದರೆ ಹೋಯಿತು. ಪೌಡರ್ ಕೋಟಿಂಗ್ ಅಂತೂ ಬೇಡವೇ ಬೇಡ. ದಪ್ಪಗೆ ಕೂತು ನರ್ವೆಕ್ಸ್ ಲಗ್‌ಗಳ ಚೂಪು ಅಂಚೆಲ್ಲಾ ಮುಚ್ಚಿಹೋಗುತ್ತೆ. ಮರಳು ಹೊಡೆಸೋದೂ ಅಪಾಯ, ನಡುವೆ ಟ್ಯೂಬ್ ದಪ್ಪ 0.6 ಮಿ.ಮೀ. ಆಸುಪಾಸು ಅಷ್ಟೇ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆ ಬಟ್ಟೆ. ಬಣ್ಣ ಎದ್ದ ಕಡೆ ತುಕ್ಕು ತೆಗೆದು ಅದೇ ಹಸಿರನ್ನು ಸಣ್ಣ ಬ್ರಷ್‌ನಲ್ಲಿ ಮುಟ್ಟಿಸಿ, ಮೇಲೆ ವ್ಯಾಕ್ಸ್. ಕ್ರೋಮ್ ಮೇಲಿನ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ, ಚೆನ್ನಾಗಿ ಹೋಗುತ್ತೆ. ಬ್ರೂಕ್ಸ್ ಸೀಟಿಗೆ ಎಣ್ಣೆ ಸುರಿಯಬೇಡಿ, ಚರ್ಮ ಜೋತು ಬೀಳುತ್ತೆ. ಅವರದ್ದೇ ಪ್ರೂಫೈಡ್ ಮೇಣ ಇದೆ, ತೆಳ್ಳಗೆ ಹಚ್ಚಿ, ಒಂದೆರಡು ದಿನ ಬಿಟ್ಟು ಮತ್ತೆ ಹಚ್ಚಿ.

ಬೆಳಗಿನ ಸವಾರಿ (ಕವೆಂಟ್ರಿ)

ಹಲ್ಲಿನ ಲೆಕ್ಕ ನಾನು ಕೊಡುತ್ತೇನೆ. ಎಡಬ್ಲ್ಯೂ ಹಬ್‌ನಲ್ಲಿ ನಡುವಿನ ಗೇರ್ ಸೀದಾ, ಕೆಳಗಿನದು ಅದರ ಮುಕ್ಕಾಲು, ಮೇಲಿನದು ಅದಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ. 46ಕ್ಕೆ 18 ಹಾಕಿ 27ರ ಚಕ್ರ ಅಂದರೆ ಇಲ್ಲಿನವರ ‘ಗೇರ್ ಇಂಚು’ ಲೆಕ್ಕದಲ್ಲಿ (ಜಾಸ್ತಿ ಆದಷ್ಟೂ ತುಳಿಯೋಕೆ ಭಾರ) 52, 69, 92 ಇಂಚು. ಬಯಲಿಗೆ ಸರಿ, ಪೀಕ್ ಡಿಸ್ಟ್ರಿಕ್ಟ್ ಏರಿಗೆ ಭಾರ. 20 ಹಾಕಿದರೆ ಸುಮಾರು 47, 62, 83. 22 ಹಾಕಿದರೆ 42, 56, 75. ನಾನಾದರೆ 22 ಹಾಕುತ್ತೇನೆ. ಇಳಿಜಾರಿನಲ್ಲಿ ತುಳಿಯದೆ ಸುಮ್ನೆ ಕೂತರೂ ಸೈಕಲ್ ಹೋಗುತ್ತೆ, ಏರಿನಲ್ಲಿ ಹೋಗಲ್ಲ ಅಲ್ವಾ. ಚೈನ್ ⅛ ಇಂಚಿನದು ತನ್ನಿ, ಡೀರೇಲರಿನ ಸಣ್ಣ ಚೈನ್ ಬೇಡ.

114ಕ್ಕೆ ಕೂರಿಸುವಾಗ ಅಂತರ ಉಳಿದರೆ ಆಕ್ಸಲ್‌ಗೆ ತೆಳು ವಾಷರ್ ಸೇರಿಸಿ, ಫ್ರೇಮನ್ನು ಹಿಂಡಿ ಬಿಗಿ ಮಾಡಬೇಡಿ. ಕಿವಿ ಇರುವ ವಾಷರ್ ಎರಡೂ ಕಡೆ ತಪ್ಪದೆ ಹಾಕಿ, ಆಕ್ಸಲ್ ತಿರುಗದ ಹಾಗೆ ಡ್ರಾಪ್‌ಔಟ್ ಸೀಳಿನಲ್ಲಿ ಹಿಡಿಯೋದು ಅದೇ. ಹಬ್ಬಿನ ಎಣ್ಣೆ ಬಾಯಿಗೆ ತೆಳು ಎಣ್ಣೆ ಒಂದು ಚಮಚ ಬಿಡಿ, ಅಡುಗೆ ಎಣ್ಣೆ ಅಲ್ಲ, ಗ್ರೀಸೂ ಅಲ್ಲ.

ಕೇಬಲ್ ಹೊಂದಿಸೋದು ನಡುವಿನ ಗೇರಿನಲ್ಲಿ. ಬಲಗಡೆ ಉದ್ದ ನಟ್ಟಿನ ಸಣ್ಣ ಕಿಂಡಿಯಲ್ಲಿ ನೋಡಿದರೆ, ಗೇರ್ ಕೇಬಲ್ಲಿನ ಸಣ್ಣ ಚೈನು ಸೇರಿರುವ ಕಡ್ಡಿಯ ಭುಜ ಆಕ್ಸಲ್ ತುದಿಗೆ ಸಮ ನಿಲ್ಲಬೇಕು. ಇದು ತಪ್ಪಿದರೆ ನಡುವಿನ ಗೇರಿಗೂ ಮೇಲಿನದಕ್ಕೂ ಮಧ್ಯೆ ಪೆಡಲ್ ಖಾಲಿ ತಿರುಗುತ್ತೆ. ಎದ್ದು ನಿಂತು ತುಳಿಯುವಾಗ ಹಾಗಾದರೆ ಬೀಳೋದು ಖಂಡಿತ. ಮೊದಲ ಸವಾರಿಯಲ್ಲಿ ಕೂತೇ ತುಳಿಯಿರಿ, ಮೂರೂ ಗೇರ್ ಗಟ್ಟಿಯಾಗಿ ಹಿಡಿಯುತ್ತಿವೆ ಅಂತ ಗೊತ್ತಾದ ಮೇಲೆ ಏರು ಹತ್ತಿ.

ಡರ್ಬಿಯ ಧಾರವಾಡಿಗ

22ರ ಹಲ್ಲುಚಕ್ರಕ್ಕೂ ಕಾಟರ್ ಪ್ರೆಸ್‌ಗೂ ಇವತ್ತೇ ಆರ್ಡರ್ ಹಾಕಿದೆ. ಸ್ಟೆಮ್ ತೊಳೆದು ನೋಡಿದೆ, ಸೀಳಿನ ತುದಿಯಲ್ಲಿ ಒಂದು ಗೆರೆ ಇದೆ, ಬಿರುಕೋ ಗೀರೋ ಹೇಳೋಕೆ ಆಗ್ತಿಲ್ಲ. ಅದನ್ನು ಪಕ್ಕಕ್ಕಿಟ್ಟು ಬೇರೆ ಹುಡುಕುತ್ತೇನೆ. 40 ತೂತಿನ 27ರ ಅಲಾಯ್ ರಿಮ್ ಯಾರ ಹತ್ತಿರವಾದರೂ ಇದ್ದರೆ ಮೆಸೇಜ್ ಮಾಡಿ, ಬದಲಿಗೆ ನ್ಯೂವೊ ರೆಕಾರ್ಡ್ ಕೊಡೋಕೂ ಸಿದ್ಧ.